ರಕ್ತ ಬಂತು ಅಂತ ಬ್ರಷ್ ಎತ್ತಿಟ್ಟವರಿಗೆ

ಈಗಷ್ಟೇ ಫೋನ್ ಇಟ್ಟೆ. ನಮ್ಮ ಚಿಕ್ಕಪ್ಪ. "ಎಡಗಡೆ ಒಸಡಲ್ಲಿ ರಕ್ತ ಬರ್ತಿತ್ತು ಕಣೋ, ಅದಕ್ಕೇ ಆ ಕಡೆ ಉಜ್ಜೋದೇ ಬಿಟ್ಟಿದೀನಿ" ಅಂದರು, ಏನೋ ಭಾರೀ ಉಪಾಯ ಹುಡುಕಿದವರ ಹಾಗೆ. ಹಿರಿಯರು, ಎದುರು ವಾದಿಸೋ ಹಾಗಿಲ್ಲ. ಇಲ್ಲಿ ಬಂದು ಗೊಣಗ್ತಿದೀನಿ, ನಿಮಗೆ ಅಭ್ಯಾಸ ಇದ್ದದ್ದೇ.

ಸ್ವಾಮಿ, ಬಹುತೇಕ ಸಲ ಆ ರಕ್ತ ಬರೋದೇ ಅಲ್ಲಿ ಸರಿಯಾಗಿ ಉಜ್ಜದೇ ಇದ್ದಿದ್ದಕ್ಕೆ! ಹಲ್ಲಿಗೂ ಒಸಡಿಗೂ ಸೇರೋ ಅಂಚಲ್ಲಿ ಬ್ಯಾಕ್ಟೀರಿಯಾ ಅಂಟಂಟು ಪೊರೆ ಕಟ್ಟುತ್ತವೆ, ಪ್ಲಾಕ್. ಅದರಿಂದ ಒಸಡು ಕೆಂಪಾಗಿ ಊದಿಕೊಳ್ಳುತ್ತೆ, ಬ್ರಷ್ ತಾಗಿದರೆ ರಕ್ತ. ನೀವು ಆ ಜಾಗ ಬಿಟ್ಟಷ್ಟೂ ಅವಕ್ಕೆ ಹಬ್ಬ. ಕೆಲವೇ ದಿನದಲ್ಲಿ ಜೊಲ್ಲಿನ ಖನಿಜ ಸೇರಿ ಅದು ಗಟ್ಟಿ ಟಾರ್ಟರ್ ಆಗುತ್ತೆ, ಆಮೇಲೆ ಯಾವ ಬ್ರಷ್ಷಿಗೂ ಬಗ್ಗಲ್ಲ. ಹಾಗೇ ಬಿಟ್ಟರೆ ಹಲ್ಲು ಹಿಡಿದಿರೋ ಮೂಳೆಯೇ ಸವೆಯೋಕೆ ಶುರು. ಹೋದ ಮೂಳೆ ತಾನಾಗಿ ವಾಪಸ್ ಬರಲ್ಲ. ಚಿಕ್ಕಪ್ಪನಿಗೆ ಶುಗರ್ ಬೇರೆ ಇದೆ. ಶುಗರ್ ಇದ್ದರೆ ಒಸಡು ಹಾಳು, ಒಸಡು ಹಾಳಾದರೆ ಶುಗರ್ ಹತೋಟಿಗೆ ಬರೋದು ಕಷ್ಟ. ಬಿಡಿ, ನನ್ನ ಮಾತು ಯಾರು ಕೇಳ್ತಾರೆ.

ಬರೀ ಊತ ಇದ್ದಾಗಲೇ ಎಚ್ಚೆತ್ತರೆ ದೊಡ್ಡ ಕೆಲಸವೇನಿಲ್ಲ. ಮೆತ್ತನೆ ಬ್ರಷ್, ಒಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆ, ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ. ಹಲ್ಲಿನ ಸಂದಿಗೆ ಬ್ರಷ್ ಹೋಗಲ್ಲ, ಅದಕ್ಕೆ ಫ್ಲಾಸ್ ದಾರ. ಒಂದೆರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ಡೆಂಟಿಸ್ಟ್. ಮೆತ್ತನೆ ಅಂದೆ, ಕೇಳಿಸ್ತಾ? ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರೆ ಒಸಡು ಸರಿದು ಹಲ್ಲಿನ ಬೇರೇ ಈಚೆ ಕಾಣುತ್ತೆ.

"ನಂಗೆ ರಕ್ತವೇ ಬರಲ್ಲಪ್ಪ" ಅನ್ನೋ ಸಿಗರೇಟ್ ವೀರರೂ ಇದ್ದಾರೆ. ಹೊಗೆಗೆ ಒಸಡಿನ ರಕ್ತ ಸಂಚಾರ ಕುಗ್ಗಿರುತ್ತೆ ಕಣ್ರೋ, ಒಳಗೆ ರೋಗ ಇದ್ದರೂ ಹೊರಗೆ ಗೊತ್ತಾಗಲ್ಲ. ಅದಕ್ಕೂ ಜಂಬ.

ಈಗ ಕಾಮೆಂಟಿಗೆ ಬರ್ತೀರ, ಗೊತ್ತು: "ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತಂತೆ." ಸಡಿಲ ಅನ್ನಿಸೋದು ನಿಜ. ಯಾಕಂದ್ರೆ ಮೂಳೆ ಮೊದಲೇ ಸವೆದಿತ್ತು, ಟಾರ್ಟರ್ ಅದನ್ನ ಮುಚ್ಚಿಟ್ಟಿತ್ತು. ಬೈಗುಳ ಮಾತ್ರ ಕ್ಲೀನ್ ಮಾಡಿದ ಡಾಕ್ಟರಿಗೆ. ನನಗೂ ಆ ಕುರ್ಚಿ ಕಂಡರೆ ಆಗಲ್ಲ, ಮಷೀನ್ ಸದ್ದಿಗೇ ಅಂಗೈ ಬೆವರುತ್ತೆ. ಆದ್ರೆ ಭಯ ಇದ್ದರೆ ಭಯ ಅಂತ ಹೇಳ್ರಪ್ಪಾ, ಅದಕ್ಕೊಂದು ವೈದ್ಯಶಾಸ್ತ್ರ ಯಾಕೆ ಕಟ್ತೀರ?