ಹಗ್ಗದ ಮೇಲಿನ ಬಟ್ಟೆ

ನಮ್ಮ ಕುಂಬಳೆ ಸೀಮೆಯ ಮನೆಗಳ ಹಿತ್ತಿಲಲ್ಲಿ ಬಟ್ಟೆ ಒಣಹಾಕುವುದಕ್ಕೂ ಒಂದು ಕ್ರಮವಿದೆ. ಗಂಡಸರ ಮುಂಡು, ಬೈರಾಸುಗಳು ಬಿಸಿಲಿಗೆ ಮೈಯೊಡ್ಡಿ ಹರಡಿಕೊಂಡಿರುತ್ತವೆ. ಹೆಂಗಸರ ಒಳ ಉಡುಪುಗಳು ಮಾತ್ರ ಯಾವುದಾದರೊಂದು ಹಳೆಯ ಸೀರೆಯ ಮರೆಯಲ್ಲಿ, ಗಾಳಿ ಆಡಿದಷ್ಟು ಆಡಿ ಒಣಗಬೇಕು. ಅಮ್ಮ ಹಾಗೆ ಮಾಡುತ್ತಿದ್ದರು, ನಾನೂ ಹಾಗೆಯೇ ಮಾಡುತ್ತೇನೆ.

ಕೊಸೊವೊದ ಕಲಾವಿದೆ ಅಲ್ಕೆತಾ ಜಾಫಾ ಮ್ರಿಪಾ 2015ರ ಜೂನ್‌ನಲ್ಲಿ ಅಲ್ಲಿನ ರಾಜಧಾನಿ ಪ್ರಿಷ್ಟಿನಾದ ಫುಟ್‌ಬಾಲ್ ಮೈದಾನದಲ್ಲಿ ಮಾಡಿಸಿದ ಕೆಲಸದ ಚಿತ್ರಗಳನ್ನು ನೋಡಿದಾಗ ನೆನಪಾದದ್ದು ಈ ಹಿತ್ತಿಲು. 1998–99ರ ಯುದ್ಧದಲ್ಲಿ ಅತ್ಯಾಚಾರಕ್ಕೊಳಗಾಗಿ, ಆಮೇಲೆ ಮನೆಯೊಳಗೂ ಬಾಯಿ ಬಿಡಲಾಗದೆ ಉಳಿದವರಿಗಾಗಿ ಊರೂರಿನಿಂದ ಬಂದ ಸುಮಾರು 5000 ಲಂಗ, ಉಡುಪುಗಳನ್ನು ಗಂಡಸರು ಆಡುವ ಮೈದಾನದ ಉದ್ದಗಲಕ್ಕೂ ಹಗ್ಗಗಳ ಮೇಲೆ ಒಣಹಾಕಿದ್ದರು. ನೊಂದವರೂ ಕೊಟ್ಟಿದ್ದರು, ಅಂಥದ್ದೇನನ್ನೂ ಅನುಭವಿಸದವರೂ ಕೊಟ್ಟಿದ್ದರು. ಯಾವ ಲಂಗ ಯಾರದ್ದೆಂದು ನೋಡುವವರಿಗೆ ತಿಳಿಯುವಂತಿರಲಿಲ್ಲ.

ಇದನ್ನು ಬರಿಯ ಪ್ರದರ್ಶನವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಹಿತ್ತಿಲಿನಲ್ಲಿ ಒಂದು ಬಟ್ಟೆ ಇನ್ನೊಂದರ ಮೇಲೆ ಬಿದ್ದು ಅದನ್ನು ಅಡಗಿಸುತ್ತದೆ; ಅಲ್ಲಿ ಒಂದು ಇನ್ನೊಂದರ ಪಕ್ಕದಲ್ಲಿ ನಿಂತು ಅದನ್ನು ಕಾಯುತ್ತಿತ್ತು. ನೂರು ಜನ ಸೇರಿ ಮಾಡುವ ಕಲೆಗೆ ಇರುವ ಬಲ ಇದೇ. ಕಲಾವಿದೆಯ ಹೆಸರು ಮಾತ್ರ ಏಕೆ ಉಳಿಯಬೇಕೆಂದು ಗೆಳತಿಯೊಬ್ಬಳು ಕೇಳಿದಳು. ಕಲ್ಲೆಸೆಯುವವರಿಗೂ ಒಂದು ವಿಳಾಸ ಬೇಕಲ್ಲ, ಅದನ್ನು ಆಕೆ ಕೊಟ್ಟಳೆಂದೇ ನನ್ನ ಉತ್ತರ.

1990ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಯಾನಿಸ್‌ನಲ್ಲಿ 31 ಅಂಗಿಗಳಿಂದ ಇಂಥದ್ದೇ ಒಂದು ಹಗ್ಗ ಶುರುವಾಗಿತ್ತು. ನಮಗೆ ಹತ್ತಿರದ ಬೆಂಗಳೂರಿನಲ್ಲಿ ಜಾಸ್ಮೀನ್ ಪಥೇಜಾ 2003ರಲ್ಲಿ ಆರಂಭಿಸಿದ ಬ್ಲ್ಯಾಂಕ್ ನಾಯ್ಸ್ ಎಂಬ ಬಳಗ, ಕಿರುಕುಳವಾದಾಗ ತೊಟ್ಟಿದ್ದ ಬಟ್ಟೆಗಳನ್ನೇ ಹೆಂಗಸರಿಂದ ಕೇಳಿ ಪಡೆಯಿತು. ಬಂದ ಬಟ್ಟೆಗಳಲ್ಲಿ ಶಾಲೆಯ ಸಮವಸ್ತ್ರವೂ ಇತ್ತೆಂಬುದೊಂದೇ ಸಾಕು, ‘ಅವಳೇನು ತೊಟ್ಟಿದ್ದಳು’ ಎಂಬ ಪ್ರಶ್ನೆಗೆ.

ಕಳೆದ ವರ್ಷ ನಮ್ಮೂರಿನ ವಾಚನಾಲಯದಲ್ಲಿ ನಾವು ಕೆಲವರು ಇದನ್ನು ಸಣ್ಣದಾಗಿ ಮಾಡಿನೋಡಿದೆವು. ಹಿಂದಿನ ರಾತ್ರಿ ಬಾಗಿಲ ಬಳಿ ಒಂದು ಗೋಣಿಚೀಲ ಇರಿಸಿ, ಬೇಕಾದವರು ಹಾಕಿಹೋಗಲಿ ಎಂದು ದೀಪ ಆರಿಸಿದ್ದೆವು. ಬೆಳಿಗ್ಗೆ ಅದರಲ್ಲಿ ಹತ್ತೊಂಬತ್ತು ಬಟ್ಟೆಗಳಿದ್ದವು, ಅಂಗಳದ ಹಗ್ಗಕ್ಕೆ ಹಾಕಿದೆವು. ಒಂದು ಮಾಸಲು ನೀಲಿ ಪಿನಾಫೋರ್. ಅದರ ಅಂಚನ್ನು ಎರಡು ಸಲ ಬಿಚ್ಚಿ ಇಳಿಸಿದ ಗೆರೆಗಳು ಕಾಣುತ್ತಿದ್ದವು, ಹುಡುಗಿ ಬೆಳೆಯುತ್ತಿದ್ದಳು.

ಅಂಗಳಕ್ಕೆ ಬಂದ ಹಿರಿಯರೊಬ್ಬರು ಅದರ ಮುಂದೆ ನಿಂತು, “ಇದು ಯಾರ ಮನೆಯದ್ದು?” ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಮನೆತನ ಕೇಳದೆ ಮಾತು ಮುಂದುವರಿಯದ ಊರು ನಮ್ಮದು. ಆದರೆ ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲುಮಾಡಿದವರಿಗೆ ಎರಡು ವರ್ಷದವರೆಗೆ ಶಿಕ್ಷೆಯೆಂದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಹೇಳುವುದು ಈ ಕುತೂಹಲವನ್ನು ಬಲ್ಲದ್ದರಿಂದಲೇ ಇರಬೇಕು. “ಗೊತ್ತಿಲ್ಲ ಮಾವ, ನಮ್ಮ ಹತ್ತೊಂಬತ್ತರಲ್ಲಿ ಒಂದು” ಎಂದೆ. ಅದರಲ್ಲಿ ನನ್ನದೂ ಒಂದಿತ್ತು. ಯಾವುದೆಂದು ನಾನೂ ಹೇಳಲಿಲ್ಲ.

ಮೂರು ಗಂಟೆಗೆ ಮಳೆ ಬಂತು. ಎಲ್ಲ ಮನೆಗಳಲ್ಲಿ ಮಾಡುವಂತೆ ಓಡಿಹೋಗಿ ಬಟ್ಟೆ ಬಾಚಿಕೊಂಡೆವು. ಆಮೇಲೆ ಮಡಚಲು ಕುಳಿತಾಗ, ಹಿಂದಿರುಗಿಸುವುದಕ್ಕೆ ಯಾರ ಹೆಸರೂ ಇರಲಿಲ್ಲ. ಈಗ ಅವು ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ, ನುಸಿಗುಳಿಗೆ ಹಾಕಿಕೊಂಡು ಇವೆ.