ಇ-ಪುಸ್ತಕದ ಕಿವಿರು

ತಾವು ಕೊಳ್ಳುವ ಇ-ಪುಸ್ತಕ ಕಾನೂನುಬದ್ಧವೇ ಎಂಬುದನ್ನು ಖರೀದಿದಾರರೇ ಪರಿಶೀಲಿಸಿಕೊಳ್ಳತಕ್ಕದ್ದು ಎಂದು ಪುಸ್ತಕ ಮಾರುವ ಜಾಲತಾಣವೊಂದು ತನ್ನ ಷರತ್ತುಗಳ ಬುಡದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅಪ್ಪಣೆ ಕೊಡಿಸಿದೆ. ಗಿರಾಕಿಯ ಮೇಲೆ ಇಷ್ಟು ಭರವಸೆಯಿಟ್ಟ ವರ್ತಕರನ್ನು ನಾನು ಈವರೆಗೆ ಕಂಡಿರಲಿಲ್ಲ.

ಪರಿಶೀಲನೆಯೇನೂ ಮಂಗಳೂರಿನವರಿಗೆ ಹೊಸತಲ್ಲ. ಸ್ಟೇಟ್‌ಬ್ಯಾಂಕಿನ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರನ್ನು ಎತ್ತಿ ನೋಡದೆ ನಾವು ಚೀಲ ಬಿಚ್ಚುವುದಿಲ್ಲ. ಕೆಂಪಾಗಿದ್ದರೆ ಚೌಕಾಸಿ, ಕಂದಿದ್ದರೆ ಪಕ್ಕದ ಬುಟ್ಟಿ. ಮೀನು ಮಾರುವ ಅಕ್ಕ ಎಷ್ಟೇ ಬೈದರೂ ಕಿವಿರನ್ನು ಮುಚ್ಚಿಡುವುದಿಲ್ಲ, ಆ ಬೋಟಿಗೆ ಪರವಾನಗಿ ಇತ್ತೇ ಎಂದು ಬಂದರಿನ ಧಕ್ಕೆಗೆ ಹೋಗಿ ವಿಚಾರಿಸಿಕೊಂಡು ಬನ್ನಿ ಎನ್ನುವುದೂ ಇಲ್ಲ.

ಇ-ಪುಸ್ತಕದ ಕಿವಿರನ್ನು ನೋಡಬೇಕಾದರೆ ಮೊದಲು ಸಾಹಿತಿಗಳ ತಿಥಿ ತಿಳಿದಿರಬೇಕು. ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ವರ್ಷದ ಅನಂತರ 60 ವರ್ಷ ಉಳಿಯುತ್ತದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಆದುದರಿಂದ ಅವರ ಅಂಥ ಕೃತಿಗಳು 2024ರ ಜನವರಿ 1ರಿಂದ ಮುಕ್ತ. ಕಾರಂತರು ಹೋದದ್ದು 1997ರಲ್ಲಿ, ಅವರದಕ್ಕೆ 2057 ಮುಗಿಯಬೇಕು. ಇಷ್ಟು ಲೆಕ್ಕ ನಮ್ಮ ಶ್ರಾದ್ಧದ ಭಟ್ಟರಿಗೂ ಬಾರದು. ಇದಾದ ಮೇಲೆ ವಾರಸುದಾರರು ಇ-ಪುಸ್ತಕದ ಹಕ್ಕನ್ನು ಯಾರಿಗೆ ಬರೆದುಕೊಟ್ಟಿದ್ದಾರೆಂದು ಅವರ ಕಪಾಟು ತೆರೆಸಿ ನೋಡಬೇಕು. ಅಮೆಜಾನಿನಂಥ ಅಮೆಜಾನೇ 2009ರಲ್ಲಿ, ಹಕ್ಕಿಲ್ಲದವರು ತನ್ನ ಅಂಗಡಿಯಲ್ಲಿಟ್ಟ ಆರ್ವೆಲ್‌ನ ‘1984’ ಅನ್ನು ಮಾರಿ, ಆಮೇಲೆ ಓದುಗರ ಕಿಂಡಲ್‌ಗಳಿಂದ ಸದ್ದಿಲ್ಲದೆ ಅಳಿಸಿ ಹಣ ಮರಳಿಸಿತ್ತು. ಅದಕ್ಕೆ ಕಾಣದ ಕಿವಿರು 49 ರೂಪಾಯಿ ಕೊಟ್ಟ ನನಗೆ ಕಾಣಬೇಕಂತೆ.

ನನಗೆ ಕಂಡದ್ದು ಹೆಬ್ಬೆರಳು. ಕೊಂಡ ಪುಸ್ತಕದ 37ನೆಯ ಪುಟದ ಅಂಚಿನಲ್ಲಿ, ಸ್ಕ್ಯಾನ್ ಮಾಡಿದ ಮಹಾನುಭಾವರ ಮದರಂಗಿ ಹಚ್ಚಿದ ಉಗುರು ಎರಡು ಸಾಲು ನುಂಗಿ ಕುಳಿತಿತ್ತು. ಮುಂದಿನ ಪುಟದಲ್ಲಿ ಯಾವುದೋ ವಾಚನಾಲಯದ ನೇರಳೆ ಮುದ್ರೆಯಿತ್ತು. ಕೊಳ್ಳುವ ಮುನ್ನ ತೋರಿಸಿದ್ದು ಮುಖಪುಟವೊಂದನ್ನೇ.

ಈ ನಾಟಕ ಸಾಕು. ಕಮಿಷನ್ ಎಣಿಸಿಕೊಳ್ಳುವಾಗ ಅಂಗಡಿ ನಿಮ್ಮದು, ಕದ್ದ ಮಾಲು ಸಿಕ್ಕಿಬಿದ್ದಾಗ ಮಾತ್ರ ನೀವು ಬರಿಯ ಜಗಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 51ನೆಯ ಕಲಮು ಬೆರಳು ತೋರುವುದು ನಕಲನ್ನು ಮಾರುವವರ, ಮಾರಾಟಕ್ಕಿಡುವವರ ಕಡೆಗೆ. ಬರೆದವರಿಗೆ ಚಿಕ್ಕಾಸೂ ಮುಟ್ಟಿಸದೆ ಓದುವವರನ್ನು ಪಹರೆಗೆ ನಿಲ್ಲಿಸಲು ನಿಮಗೆ ನಾಚಿಕೆಯಾಗುವುದಿಲ್ಲವೇ?

ಮೂರು ಪತ್ರ ಬರೆದ ಮೇಲೆ ಉತ್ತರ ಬಂದಿದೆ: ಕಡತವನ್ನು ಒಮ್ಮೆ ತೆರೆದಿರುವುದರಿಂದ ಹಣ ಮರಳಿಸಲಾಗದು. ತೆರೆಯದೆ ಪರಿಶೀಲಿಸುವ ವಿಧಾನವನ್ನು ಅವರ ಷರತ್ತುಗಳಲ್ಲೇ ಹುಡುಕುತ್ತಿದ್ದೇನೆ. ಇನ್ನೂ ಹದಿನಾಲ್ಕು ಪುಟ ಬಾಕಿಯಿದೆ.