ಮನೆಯಲ್ಲಿ ಗಣಿತ ಇಲ್ಲವಂತೆ

ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ನನ್ನ ಲಿನಕ್ಸ್ ಕಂಪ್ಯೂಟರ್ ತನ್ನಲ್ಲಿ ಗಣಿತದ ಲೈಬ್ರರಿಯೇ, ಅಂದರೆ ಲೆಕ್ಕ ಮಾಡಿಕೊಡುವ ಸಿದ್ಧ ಕೋಡಿನ ಕಟ್ಟೇ, ಇಲ್ಲವೆಂದು ಘೋಷಿಸಿತು. ಪಿಯುಸಿಯಲ್ಲಿ ಮೇಷ್ಟರು ನನ್ನ ಬಗ್ಗೆ ಇದೇ ಮಾತು ಹೇಳಿದಾಗ ತೆಪ್ಪಗೆ ಒಪ್ಪಿಕೊಂಡಿದ್ದೆ. ಆದರೆ ಸಿ ಭಾಷೆಯ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇರುವ ಲಿನಕ್ಸ್‌ನಲ್ಲಿ ಗಣಿತದ ಲೈಬ್ರರಿ ಇಲ್ಲವೆನ್ನುವುದು ದರ್ಶಿನಿಯಲ್ಲಿ ಚಟ್ನಿ ಇಲ್ಲವೆಂದ ಹಾಗೆ.

ನನ್ನ ಪ್ರೋಗ್ರಾಮ್ ಕಟ್ಟುವ ಮೊದಲು ‘ಕಾನ್ಫಿಗರ್’ ಸ್ಕ್ರಿಪ್ಟ್ ಓಡುತ್ತದೆ. ಬೇಕಾದ ಸಾಮಾನೆಲ್ಲ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿ, ಸಾಲುಸಾಲಾಗಿ ‘ಯೆಸ್’ ಎಂದು ಬರೆಯುತ್ತಾ ಹೋಗುತ್ತದೆ. ಗಣಿತದ ಲೈಬ್ರರಿಯ ಸ್ಕ್ವೇರ್‌ರೂಟ್ ಸಾಲಿಗೆ ಬಂದಾಗ ಮಾತ್ರ ‘ನೋ’. ಏಕೆಂದು ಹೇಳುವ ಅಭ್ಯಾಸ ಅದಕ್ಕಿಲ್ಲ. ಊಟದ ಹೊತ್ತಿನ ಕೌಂಟರ್ ಗುಮಾಸ್ತನಂತೆ, ಇಲ್ಲವೆಂದರೆ ಇಲ್ಲ.

ಲೈಬ್ರರಿಯನ್ನು ಕಿತ್ತು ಮತ್ತೆ ಹಾಕಿದೆ. ಕಂಪ್ಯೂಟರನ್ನು ಎರಡು ಸಲ ಆರಿಸಿ ಹಚ್ಚಿದೆ. ಸಹೋದ್ಯೋಗಿಗೆ ಫೋನ್ ಮಾಡಿದರೆ, “ಕಾನ್ಫಿಗ್ ಲಾಗ್ ನೋಡಿದಿರಾ ಸಾರ್?” ಎಂದ. “ಓ, ನೋಡಿದೆ” ಎಂದು ಸುಳ್ಳು ಹೇಳಿ, ಫೋನಿಟ್ಟ ಮೇಲೆ, ಸ್ಕ್ರಿಪ್ಟ್ ತನ್ನ ಕೆಲಸವನ್ನೆಲ್ಲ ಬರೆದಿಡುವ ಆ ಕಡತವನ್ನು ತೆರೆದೆ.

ಸಾವಿರಾರು ಸಾಲುಗಳ ನಡುವೆ ಕಾರಣ ಸಿಕ್ಕಿತು. ಲೈಬ್ರರಿ ಇದೆಯೇ ಎಂದು ತಿಳಿಯಲು ಆ ಸ್ಕ್ರಿಪ್ಟ್ ಒಂದು ಪುಟಾಣಿ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಅದರಲ್ಲಿ ಸ್ಕ್ವೇರ್‌ರೂಟ್ ಏನನ್ನೂ ಕೇಳುವುದಿಲ್ಲ, ಕೊಡುವುದು ಒಂದು ಅಕ್ಷರ ಎಂದು ಬರೆದಿತ್ತು! ವರ್ಗಮೂಲ ಕೇಳಿದರೆ ‘ಕ’ ಎಂದಂತೆ. ಇದು ಬೇಕೆಂದೇ ಹೇಳುವ ಸುಳ್ಳು. ಆ ಹೆಸರಿನವರು ಒಳಗಿದ್ದಾರೆಯೇ ಎಂದಷ್ಟೇ ಅದು ತಿಳಿಯಬೇಕು, ಕುಲಗೋತ್ರ ಬೇಡ. ಕೊರಿಯರ್ ಹುಡುಗ ನಮ್ಮ ಅತ್ತೆಯವರ ಪಾರ್ಸೆಲ್ ತಂದು “ಸಾರ್ ಇದ್ದಾರಾ?” ಎಂದು ಕೂಗುವುದಿಲ್ಲವೇ, ಹಾಗೆ. ಕಂಪೈಲರ್ ಇಂಥದ್ದಕ್ಕೆ ಒಂದು ಎಚ್ಚರಿಕೆ ಗೊಣಗಿ ಒಳಗೆ ಬಿಡುತ್ತದೆ.

ಆದರೆ ನಮ್ಮ ಗೇಟಿನಲ್ಲಿ ನಾನೇ ಕಾವಲು ಹಾಕಿದ್ದೆ. ಹಿಂದಿನ ವಾರ, ಶಿಸ್ತಿನ ಹುಮ್ಮಸ್ಸಿನಲ್ಲಿ, ‘ಎಚ್ಚರಿಕೆಗಳನ್ನೆಲ್ಲ ದೋಷವೆಂದೇ ಎಣಿಸತಕ್ಕದ್ದು’ ಎನ್ನುವ ‘ವೆರರ್’ ಆಯ್ಕೆಯನ್ನು ಕಾನ್ಫಿಗರ್ ಕಡತದ ತಲೆಯಲ್ಲೇ ಸೇರಿಸಿದ್ದೆ. ಅತ್ತೆಯವರನ್ನು ಸಾರ್ ಎಂದ ತಪ್ಪಿಗೆ ಹುಡುಗನನ್ನು ಗೇಟಿನಿಂದಲೇ ಓಡಿಸಿ, ‘ಮನೆಗೆ ಬೀಗ’ ಎಂದು ಬರೆದುಕೊಂಡದ್ದಾಯಿತು.

ಆ ಸಾಲನ್ನು ಕತ್ತರಿಸಿ, ಪರೀಕ್ಷೆಗಳೆಲ್ಲ ಮುಗಿದ ಮೇಲಿನ ಜಾಗಕ್ಕೆ ಅಂಟಿಸಿದೆ. ಓಡಿಸಿದೆ. ಮತ್ತೆ ‘ನೋ’!

ಅರ್ಧ ಗಂಟೆ ಗೋಡೆ ನೋಡಿದ ಮೇಲೆ, ಆ ‘ನೋ’ ಪಕ್ಕದಲ್ಲಿ ‘ಕ್ಯಾಶ್ಡ್’ ಎಂಬ ಪದ ಕಣ್ಣಿಗೆ ಬಿತ್ತು. ಎರಡು ನಿಮಿಷ ಉಳಿಸಲು ಹಳೆಯ ಉತ್ತರಗಳನ್ನು ನೆನಪಿಟ್ಟುಕೊಳ್ಳುವಂತೆ ಹೇಳಿದ್ದವನೂ ನಾನೇ. ಆ ಕಡತವನ್ನು ಅಳಿಸಿದ ಮೇಲೆ ‘ಯೆಸ್’ ಬಂತು. ಆಗ ಗಂಟೆ ಎರಡೂಕಾಲು.

ಖುಷಿಯಿಂದ ಕಂಪೈಲ್ ಶುರು ಮಾಡಿದೆ. ಮೂರನೆಯ ಕಡತದಲ್ಲೇ ವೆರರ್ ತಡೆದು ನಿಲ್ಲಿಸಿತು. ನಾನು ‘ಲೆಕ್ಕ’ ಎಂಬ ವೇರಿಯಬಲ್ ಘೋಷಿಸಿ ಎಲ್ಲೂ ಬಳಸಿಯೇ ಇಲ್ಲವಂತೆ.